ಹಿತ್ತಿಲಿನ ಎರಡನೆಯ ಮನೆ

ಜಯನಗರವೋ ರಾಜಾಜಿನಗರವೋ, ಬೆಂಗಳೂರಿನ ಯಾವುದಾದರೊಂದು ಬಡಾವಣೆಯಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನಿಂದ ಸೈಟು ಪಡೆದ ಹಿರಿಯರ ಮನೆಯ ಬೀರುವಿನಲ್ಲಿ, ಮಡಿಕೆಗಳಲ್ಲಿ ಹಳದಿ ತಿರುಗಿದ ಕರಾರುಪತ್ರವೊಂದು ಇದ್ದೇ ಇರುತ್ತದೆ. ಮೊದಲು ಗುತ್ತಿಗೆ, ಸಾಮಾನ್ಯವಾಗಿ 10 ವರ್ಷ ಕಳೆದು ಷರತ್ತುಗಳೆಲ್ಲ ನೆರವೇರಿದ ಬಳಿಕ ಕ್ರಯ—ಇದು ಆ ಪತ್ರದ ಸ್ವರೂಪ. ಅದರ ಷರತ್ತುಗಳಲ್ಲೊಂದನ್ನು ವಾಚಕರು ಬಿಡುವಾದಾಗ ತೆಗೆದು ಓದಬೇಕು. ಸೈಟನ್ನು ಭಾಗ ಮಾಡಕೂಡದು, ಅದರ ಮೇಲೆ ಒಂದಕ್ಕಿಂತ ಹೆಚ್ಚು ವಾಸದ ಮನೆಯನ್ನು ಕಟ್ಟಕೂಡದು ಎಂಬುದು ಅದರ ತಾತ್ಪರ್ಯ. ವಾಸದ ಮನೆ ಎಂದರೇನೆಂಬುದಕ್ಕೂ ಅಲ್ಲಿಯೇ ಒಂದು ಲಕ್ಷಣವಾಕ್ಯವಿದೆ: ಅಂಗಡಿಯಲ್ಲ, ಉಗ್ರಾಣವಲ್ಲ, ಕಾರ್ಖಾನೆಯಲ್ಲ, ಪೂರ್ತಿಯಾಗಿ ಮನುಷ್ಯರ ವಾಸಕ್ಕಾಗಿಯೇ ಇರತಕ್ಕದ್ದು. ಬೋರ್ಡು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ ಲೀನವಾದ ಮೇಲೂ ಈ ವಾಕ್ಯ ಪತ್ರದಿಂದ ಪತ್ರಕ್ಕೆ ಇಳಿದು ಬಂದಿತು.

ಒಂದು ಸೈಟು, ಒಂದು ಮನೆ. ಕೇಳುವುದಕ್ಕೆ ಎಷ್ಟು ಸರಳ! ಆದರೆ ಈ ಊರಿಗೆ ಹೊರಗಿನಿಂದ ಬಂದು ನೆಲೆ ನಿಂತ ಗುಮಾಸ್ತರು, ಮೇಷ್ಟರು, ಕಾರ್ಖಾನೆಯ ಕೆಲಸಗಾರರು, ವಿದ್ಯಾರ್ಥಿಗಳು ಇವರಲ್ಲಿ ಎಷ್ಟೋ ಮಂದಿ ಮೊದಲು ಕಾಲೂರಿದ್ದು ಈ ವಾಕ್ಯ ಬೇಡವೆಂದ ಮನೆಯಲ್ಲಿ. ಯಜಮಾನರ ಮನೆಯ ಪಕ್ಕದ ಓಣಿಯಲ್ಲಿ ಮೈ ಓರೆ ಮಾಡಿಕೊಂಡು ಹೋದರೆ, ಬಾವಿಯನ್ನೋ ತೆಂಗಿನ ಮರವನ್ನೋ ಬಳಸಿ, ಹಿಂಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಕೋಣೆಯ ಮನೆ. ಅದನ್ನು ನಾವು ‘ಔಟ್‌ಹೌಸು’ ಎನ್ನುತ್ತೇವೆ. ಅದಕ್ಕೆ ಚರಿತ್ರೆಯುಂಟು, ಆ ಚರಿತ್ರೆಯನ್ನು ಬರೆದವರು ಮಾತ್ರ ಕಡಿಮೆ.

ಕನ್ನಡದ ಮಾತುಗಳನ್ನೇ ಮೊದಲು ನೋಡೋಣ. ಕಾಯಿದೆಗಳು ಕಾಣದ್ದನ್ನು ಅವು ಕಂಡಿವೆ. ‘ಹಿತ್ತಿಲು’ ಎಂಬುದು ‘ಹಿಂದು’ ಎಂಬ ಮಾತಿನ ಕುಲಕ್ಕೆ ಸೇರಿದ್ದು. ಮನೆಯ ಹಿಂಬದಿಯ ನೆಲ. ‘ಬಿಡಾರ’ದಲ್ಲಿ ‘ಬಿಡು’ ಎಂಬ ಧಾತು ಇದೆ. ದಾರಿಹೋಕನು ಗಾಡಿ ಬಿಟ್ಟು ತಂಗಿದ ಠಾವು. ಬಾಡಿಗೆಯ ಮನೆಯವನು ತನ್ನ ಮನೆಯನ್ನು ವಿನಯದಿಂದ ‘ನಮ್ಮ ಬಿಡಾರ’ ಎನ್ನುವಾಗ, ತಾನು ಇಲ್ಲಿ ಶಾಶ್ವತನಲ್ಲ ಎಂಬುದನ್ನೂ ಹೇಳಿಬಿಡುತ್ತಾನೆ. ಇವೆರಡಕ್ಕಿಂತ ಸ್ವಾರಸ್ಯವಾದದ್ದು ‘ಒಕ್ಕಲು’. ಕುಟುಂಬಕ್ಕೂ ಅದೇ ಹೆಸರು, ಇನ್ನೊಬ್ಬರ ನೆಲದಲ್ಲಿ ಉತ್ತು ಬಾಳುವವನಿಗೂ ಅದೇ ಹೆಸರು. ಸ್ವಂತ ಮನೆಯ ಗೃಹಪ್ರವೇಶವನ್ನು ‘ಮನೆ ಒಕ್ಕಲು’ ಎಂದು ಕರೆಯುವ ಸೀಮೆಗಳೂ ಇವೆ. ಒಡೆತನಕ್ಕೂ ವಾಸಕ್ಕೂ ನಡುವೆ ನಾವು ಇಂದು ಎಬ್ಬಿಸಿರುವ ಗೋಡೆ ಆ ಮಾತಿನಲ್ಲಿಲ್ಲ.

ಇನ್ನು ಮನೆಗಳನ್ನು ಎಣಿಸುವ ಬಗೆ. ನಮ್ಮ ಕಡೆ ಮನೆಯ ಲೆಕ್ಕ ಒಲೆಯ ಲೆಕ್ಕ. ಅಣ್ಣತಮ್ಮಂದಿರು ಒಂದೇ ಸೂರಿನಡಿಯಲ್ಲಿದ್ದರೂ ‘ಒಲೆ ಬೇರೆಯಾಯಿತು’ ಎಂದರೆ ಮನೆ ಎರಡಾಯಿತೆಂದೇ ಅರ್ಥ. ಭಾರತದ ಜನಗಣತಿಯವರೂ ಕುಟುಂಬವೆಂಬುದನ್ನು ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಗುಂಪೆಂದು ಹಿಡಿದಿದ್ದಾರೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಈ ಲೆಕ್ಕ ಸಲೀಸಾಗಿ ನಡೆಯುತ್ತಿತ್ತು. ಬೀದಿಗೆ ಕಿರಿದಾದ ಮುಖ, ಒಳಕ್ಕೆ ಉದ್ದನೆಯ ಮೈ, ಅಕ್ಕಪಕ್ಕದವರಿಗೆ ಒಂದೇ ಗೋಡೆ. ಮುಂದೆ ಅಂಗಡಿ ಅಥವಾ ಮಗ್ಗ, ನಡುವೆ ತೊಟ್ಟಿ, ಹಿಂದೆ ಕೊಟ್ಟಿಗೆ. ಮಗನ ಸಂಸಾರ ಬೆಳೆದಾಗ ಹಿಂದಿನ ಪಡಸಾಲೆಯಲ್ಲಿ ಇನ್ನೊಂದು ಒಲೆ ಹೊತ್ತಿಕೊಳ್ಳುತ್ತಿತ್ತು. ಅದಕ್ಕೆ ನಕ್ಷೆ ಬೇಡ, ಪರವಾನಗಿ ಬೇಡ. ಒಂದು ಬುಟ್ಟಿ ಮಣ್ಣು, ನಾಲ್ಕು ಇಟ್ಟಿಗೆ ಸಾಕು.

‘ಔಟ್‌ಹೌಸು’ ಎಂಬ ಹೆಸರು ಬಂದದ್ದು ದಂಡಿನ ಕಡೆಯಿಂದ. 1809ರ ಸುಮಾರಿಗೆ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿನ ಹಲಸೂರಿನ ಬಯಲಿಗೆ ಬಂದು ನೆಲಸಿತಷ್ಟೆ. ಅಲ್ಲಿ ಎದ್ದ ಮನೆಗಳ ಲೆಕ್ಕಾಚಾರವೇ ಬೇರೆ. ವಿಶಾಲವಾದ ಕಾಂಪೌಂಡು, ಅದರ ನಟ್ಟನಡುವೆ ಬಂಗಲೆ, ದೂರದ ಮೂಲೆಯಲ್ಲಿ ಸಾಲಾಗಿ ಚಿಕ್ಕ ಕೋಣೆಗಳು. ಬಟ್ಲರು, ಸಾಯೀಸ, ಮಾಲಿ, ಆಯಾ ಇವರು ಸಂಸಾರ ಸಮೇತ ಅಲ್ಲಿರತಕ್ಕದ್ದು. ಕೂಗಿದರೆ ಕೇಳುವಷ್ಟು ಹತ್ತಿರ, ಅಡುಗೆಯ ಹೊಗೆ ಬರದಷ್ಟು ದೂರ. ಎರಡನೆಯ ಮನೆ ಮೊದಲನೆಯ ಮನೆಯ ಸೇವೆಗಾಗಿ ಇರುವುದು ಎಂಬ ಭಾವನೆ ಹುಟ್ಟಿದ್ದು ಈ ಕಾಂಪೌಂಡಿನಲ್ಲಿ. ಇಟ್ಟಿಗೆ ಗಾರೆಗಳಿಗಿಂತ ಹೆಚ್ಚು ಕಾಲ ಬಾಳಿದ್ದು ಆ ಭಾವನೆಯೇ.

ಇವೆರಡು ಬಗೆಗಳೂ, ಅಂದರೆ ಪೇಟೆಯ ಒಲೆಯೂ ದಂಡಿನ ಕಾಂಪೌಂಡೂ, ಒಂದನ್ನೊಂದು ಸಂಧಿಸಿದ್ದು ಹೊಸ ಬಡಾವಣೆಗಳಲ್ಲಿ. ಬಸವನಗುಡಿ ಮಲ್ಲೇಶ್ವರಗಳು ಪ್ಲೇಗಿನಿಂದ ಹುಟ್ಟಿದವು ಎಂದು ಹೇಳುವ ವಾಡಿಕೆಯುಂಟು. ಅದು ಪೂರ್ತಿ ನಿಜವಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1892ರಿಂದೀಚೆಗೆ, ಚಾಮರಾಜಪೇಟೆಯೊಡನೆ ಇವುಗಳ ಕೆಲಸವೂ ನಡೆದಿದ್ದಿತು. ಗೆರೆ ಎಳೆದಿದ್ದರು, ರಸ್ತೆ ತೆಗೆದಿದ್ದರು. ಜನ ಮಾತ್ರ ಪೇಟೆ ಬಿಟ್ಟು ಹೋಗಲು ಮನಸ್ಸು ಮಾಡಿರಲಿಲ್ಲ. ಊರ ಹೊರಗಿನ ಆ ಬಯಲಿಗೆ ಯಾರು ಹೋದಾರು? 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ರೈಲಿನೊಡನೆ ಊರನ್ನು ಹೊಕ್ಕಿತು. ಮನೆ ಬೀಗ ಹಾಕಿ ಜನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪೇಟೆಯೂ ದಂಡೂ ಸೇರಿ 1891ರಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಬಯಲಿನ ಬಡಾವಣೆಗಳು ಆಮೇಲೆ ಅವಸರದಿಂದ ತುಂಬಿದವು.

ಬಡಾವಣೆಗಳ ಗೆರೆ ಪ್ಲೇಗಿಗಿಂತ ಮುಂಚಿನದಾದರೂ, ಮನೆ ಕಟ್ಟುವ ನಿಯಮಗಳಿಗೆ ಜೀವ ತುಂಬಿದ್ದು ಆ ಭಯ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂದು ಫ್ರೆಂಚ್ ವೈದ್ಯ ಸಿಮೋಂ 1898ರಲ್ಲಿಯೇ ಹೇಳಿದ್ದನಾದರೂ, ಅದನ್ನು ಎಲ್ಲರೂ ಒಪ್ಪಲು ಇನ್ನೂ ಹತ್ತು ವರ್ಷ ಹಿಡಿಯಿತು. ಆ ಕಾಲದ ಅಧಿಕಾರಿಗಳ ಕಣ್ಣಿನಲ್ಲಿ ಶತ್ರುಗಳೆಂದರೆ ಕತ್ತಲೆ, ತೇವ, ಇಕ್ಕಟ್ಟು. ಆದುದರಿಂದ ಮನೆಯ ನಾಲ್ಕು ಕಡೆಯೂ ನೆಲ ಬಿಡಬೇಕು, ಗಾಳಿ ಆಡಬೇಕು, ಬೆಳಕು ಬೀಳಬೇಕು. ರೋಗದ ಕಾರಣವನ್ನು ಅವರು ಅರ್ಧ ಮಾತ್ರ ಕಂಡಿದ್ದರು. ಆದರೆ ಕೊಟ್ಟ ಮದ್ದು ಕೆಟ್ಟದ್ದೇನೂ ಆಗಿರಲಿಲ್ಲ. ಕ್ಷಯವೂ ವಿಷಮಶೀತಜ್ವರವೂ ಇಕ್ಕಟ್ಟಿನ ಮನೆಗಳಲ್ಲಿಯೇ ಬೀಡು ಬಿಡುತ್ತಿದ್ದ ಆ ದಿನಗಳಲ್ಲಿ ಮನೆಯ ಸುತ್ತ ಬಿಟ್ಟ ಐದಾರು ಅಡಿ ನೆಲ ಎಷ್ಟು ಮಕ್ಕಳನ್ನು ಉಳಿಸಿತೋ ದೇವರೇ ಬಲ್ಲ. ಗಾಳಿಬೆಳಕಿನ ನಿಯಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬೊಂಬಾಯಿಯಲ್ಲಿ ಪ್ಲೇಗಿನ ತರುವಾಯ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ಏರ್ಪಟ್ಟಿತು. ಮೈಸೂರು ನಗರ 1903ರಲ್ಲಿ ಅದೇ ಹಾದಿ ಹಿಡಿಯಿತು. ಬೆಂಗಳೂರಿಗೆ ಅಂಥ ಬೋರ್ಡು ಬಂದದ್ದು 1945ರಲ್ಲಿ. ಆದರೆ ಅದರ ಬುದ್ಧಿ ಐವತ್ತು ವರ್ಷ ಹಳೆಯದು.

ಹೊಸ ಬಡಾವಣೆಗಳಲ್ಲಿ ಇನ್ನೊಂದು ಏರ್ಪಾಟಿತ್ತು. ಮಲ್ಲೇಶ್ವರ ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಸಾಗುವ ಕಿರುಗಲ್ಲಿಗಳನ್ನು ವಾಚಕರು ನೋಡಿರಬಹುದು; ಕನ್ಸರ್ವೆನ್ಸಿ ಗಲ್ಲಿ ಎಂದು ಅವುಗಳ ಹೆಸರು. ಕಕ್ಕಸು ಹಿತ್ತಿಲಿನ ತುದಿಯಲ್ಲಿ. ಮಲವನ್ನು ಎತ್ತುವವರು ಮುಂಬಾಗಿಲಿಗೆ ಬಾರದೆ ಹಿಂದಿನ ಗಲ್ಲಿಯಿಂದಲೇ ಬಂದು ಹೋಗಬೇಕು. ಊರಿನ ನಕ್ಷೆಯಲ್ಲಿಯೇ ಅಸ್ಪೃಶ್ಯತೆಗೆ ಒಂದು ರಸ್ತೆ ಹಾಕಿಕೊಟ್ಟರು ಎಂದರೆ ಕಟುವಾಯಿತೇ? ಬ್ಲಾಕುಗಳನ್ನು ಜಾತಿ ಸಮುದಾಯಗಳ ಲೆಕ್ಕದಲ್ಲಿ ಹಂಚಿದ ಬಡಾವಣೆಗಳಲ್ಲಿ ಅದೇನೂ ಆಶ್ಚರ್ಯವಲ್ಲ. ಪರಿಣಾಮವೇನಾಯಿತೆಂದರೆ, ಸೈಟಿನ ಹಿಂಭಾಗವೆಂಬುದು ಕೀಳು ಸ್ಥಳವಾಯಿತು. ಸೌದೆ, ಹಸು, ಕಕ್ಕಸು, ಮುಟ್ಟಾದ ಹೆಂಗಸರು, ಆಮೇಲೆ ಬಾಡಿಗೆಯವರು: ಇವರೆಲ್ಲರ ಜಾಗ ಅದು. ಒಳಚರಂಡಿಯ ಕೆಲಸ 1922ರಲ್ಲಿ ಊರಿನ ನಡುಭಾಗದಲ್ಲಿ ಆರಂಭವಾಗಿ, 1950ರ ನಂತರ ನಿಧಾನವಾಗಿ ಬಡಾವಣೆಗಳನ್ನು ಮುಟ್ಟಿತು. 1970ರ ದಶಕದ ಆದಿಯಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕಕ್ಕಸು ಮನೆಯೊಳಕ್ಕೆ ಬಂತು. ಹಸು ಊರ ಹೊರಗೆ ಹೋಯಿತು. ಸೌದೆಯ ಬದಲು ಸೀಮೆಎಣ್ಣೆ, ಅನಂತರ ಗ್ಯಾಸು. ಹೀಗೆ ತೆರವಾದ ಮೂಲೆಗೆ ಸುಣ್ಣ ಹೊಡೆದು, ಕಿಟಕಿ ತೆಗೆಸಿ, ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುಹಾಕುವುದಕ್ಕೆ ಹೆಚ್ಚು ಬುದ್ಧಿವಂತಿಕೆ ಬೇಕಿರಲಿಲ್ಲ.

ಆ ಹಲಗೆಯ ಅಗತ್ಯವೆಷ್ಟಿತ್ತೆಂಬುದನ್ನು ಅಂಕಿಗಳು ಹೇಳುತ್ತವೆ. 1941ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ 7 ಸಾವಿರ; 1951ರಲ್ಲಿ ಸುಮಾರು 7 ಲಕ್ಷ 79 ಸಾವಿರ. ಹತ್ತು ವರ್ಷಗಳಲ್ಲಿ ಊರು ಹೆಚ್ಚುಕಡಿಮೆ ಇಮ್ಮಡಿಯಾಯಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಗಡಿಯಾರದಿಂದ ಮುಂದೆ ಹೆಸರಾದ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1956ರಲ್ಲಿ ಕನ್ನಡ ನಾಡು ಒಂದಾದಾಗ ಧಾರವಾಡ, ಬೆಳಗಾವಿ, ಗುಲ್ಬರ್ಗಗಳಿಂದ ಸರ್ಕಾರಿ ನೌಕರರು ಟ್ರಂಕು ಹಾಸಿಗೆಗಳೊಡನೆ ಬಂದಿಳಿದರು. ಇಷ್ಟು ಜನಕ್ಕೆ ಮನೆ ಎಲ್ಲಿ? ಬೋರ್ಡು ಸೈಟು ಹಂಚುತ್ತಿತ್ತೇನೋ ನಿಜ. ಆದರೆ ಸೈಟಿಗೆ ಅರ್ಜಿ ಹಾಕುವುದಕ್ಕೂ ಊರಿನಲ್ಲಿ ಕೆಲವು ವರ್ಷ ಬಾಳಿರಬೇಕಲ್ಲ! ಆ ವರ್ಷಗಳನ್ನು ಕಳೆಯುವುದು ವಠಾರದಲ್ಲಿ ಅಥವಾ ಔಟ್‌ಹೌಸಿನಲ್ಲಿ.

ವಠಾರದ ಬಗ್ಗೆ ನಮ್ಮ ಕಥೆಗಾರರೂ ನಾಟಕಕಾರರೂ ಸಾಕಷ್ಟು ಬರೆದಿದ್ದಾರೆ: ಒಂದೇ ನಲ್ಲಿ, ಒಂದೇ ಮೋರಿ, ಹತ್ತು ಬಾಗಿಲು, ಇಪ್ಪತ್ತು ಕಿವಿ. ಔಟ್‌ಹೌಸಿಗೆ ಆ ಸದ್ದುಗದ್ದಲವಿಲ್ಲ. ಅಲ್ಲಿ ಇಬ್ಬರೇ ಪಾತ್ರಧಾರಿಗಳು, ಯಜಮಾನರು ಮತ್ತು ಬಾಡಿಗೆಯವರು. ನಿವೃತ್ತರಾದ ಹೆಡ್‌ಮಾಸ್ತರರಿಗೆ ಪಿಂಚಣಿ ಸಾಲದು. ಹಿಂದಿನ ಎರಡು ಕೋಣೆಯ ಬಾಡಿಗೆಯಲ್ಲಿ ಅಕ್ಕಿಯ ಖರ್ಚು ಕಳೆಯುತ್ತದೆ. ಗಂಡ ಸತ್ತ ಹೆಂಗಸಿಗೆ ಅದೇ ಜೀವನಾಧಾರ. ವಾರಾನ್ನದ ಹುಡುಗನಿಗೆ ಊಟ ಏಳು ಮನೆಗಳಲ್ಲಾದರೆ ಮಲಗುವುದಕ್ಕೆ ಹಿತ್ತಿಲಿನ ಕೋಣೆ. ಹೊಸದಾಗಿ ಮದುವೆಯಾದ ಗುಮಾಸ್ತನಿಗೆ ಮೊದಲ ಸಂಸಾರದ ಅಂಗಳ ಅದು. ಸಂಜೆ ಎಂಟಕ್ಕೆ ಗೇಟಿಗೆ ಬೀಗ, ಒಂದು ಸಬ್ ಮೀಟರು, ದಿನಕ್ಕೆ ಇಷ್ಟು ಕೊಡ ನೀರು, ಒಗ್ಗರಣೆಗೆ ಇಂಥದು ಹಾಕಬಾರದು, ನೆಂಟರು ಮೂರು ದಿನಕ್ಕಿಂತ ಹೆಚ್ಚು ಇರಬಾರದು. ಇವು ಯಾವ ಪುರಸಭೆಯ ಪುಸ್ತಕದಲ್ಲೂ ಇಲ್ಲದ ಬೈಲಾಗಳು. ಆದರೆ ಇವುಗಳಷ್ಟು ಕಟ್ಟುನಿಟ್ಟಾಗಿ ಪಾಲನೆಯಾದ ಬೈಲಾಗಳನ್ನು ನಾನು ಕಾಣೆ. ಯಾರಿಗೆ ಮನೆ ಕೊಡುವುದು ಎಂಬ ಪ್ರಶ್ನೆಗೆ ಜಾತಿಯೇ ಮೊದಲ ಉತ್ತರವಾಗಿದ್ದಿತು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಹಲಗೆಯ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಸಲ್ಮಾನ ಮೇಷ್ಟರೊಬ್ಬರೋ ದಲಿತ ಗುಮಾಸ್ತರೊಬ್ಬರೋ ಈ ಬಡಾವಣೆಗಳಲ್ಲಿ ಔಟ್‌ಹೌಸು ಹುಡುಕಿ ಬೀದಿ ಬೀದಿ ಅಲೆದ ಕಥೆ ಇನ್ನೊಂದೇ ಅಧ್ಯಾಯ.

ಅನೇಕರು ಮನೆ ಕಟ್ಟಿದ ಕ್ರಮವೂ ಗಮನಿಸತಕ್ಕದ್ದು. ಸೈಟು ಸಿಕ್ಕಿದ ಮೇಲೆ ನಿಗದಿಯಾದ ಅವಧಿಯೊಳಗೆ ಮನೆ ಕಟ್ಟಬೇಕು, ಇಲ್ಲವಾದರೆ ಸೈಟು ಕೈಬಿಡುವ ಭಯ. ಕೈಯಲ್ಲಿ ಹಣವಿಲ್ಲ. ಆಗ ಮೊದಲು ಹಿಂದಿನ ಮೂಲೆಯಲ್ಲಿ ಎರಡು ಕೋಣೆ ಹಾಕಿಸಿ, ಅಲ್ಲಿ ಸಂಸಾರ ಹೂಡಿ, ಮುಂದಿನ ನೆಲದಲ್ಲಿ ಅವರೆ, ಸೊಪ್ಪು ಬೆಳೆಯುವುದು. ಸಾಲ ಮಂಜೂರಾದಾಗ ಮುಂದಿನ ದೊಡ್ಡ ಮನೆ ಏಳುತ್ತದೆ; ಅದಕ್ಕೆ ಕಾವಲಿರುವುದೂ, ಇಟ್ಟಿಗೆಗೆ ನೀರು ಹಾಕುವುದೂ ಹಿಂದಿನ ಮನೆಯಿಂದಲೇ. ದೊಡ್ಡ ಮನೆಗೆ ಹೋದ ದಿನ ಚಿಕ್ಕದು ಬಾಡಿಗೆಗೆ. ಕಾಲಕ್ರಮದಲ್ಲಿ ನೋಡಿದರೆ ಔಟ್‌ಹೌಸೇ ಮೊದಲನೆಯ ಮನೆ, ದೊಡ್ಡದೇ ಎರಡನೆಯದು! ಆದರೆ ಮಂಜೂರಾದ ನಕ್ಷೆಯಲ್ಲಿ ಈ ಹಿರಿಯ ಮನೆಯ ಹೆಸರೇನೆಂದು ನೋಡಿ: ‘ಗ್ಯಾರೇಜು’, ‘ಉಗ್ರಾಣ’, ‘ಸೌದೆ ಕೋಣೆ’, ಬಹಳವಾದರೆ ‘ಆಳಿನ ಕೋಣೆ’. ಕಾರಿನ ಮುಖವನ್ನೇ ಕಾಣದ ಮನೆಗಳಲ್ಲಿ ಗ್ಯಾರೇಜುಗಳಿದ್ದವು. ಗ್ಯಾರೇಜಿನಲ್ಲಿ ತೊಟ್ಟಿಲು ತೂಗುತ್ತಿತ್ತು. ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ನಿಗೆ ಗೊತ್ತು, ತಪಾಸಣೆಗೆ ಬಂದ ಓವರ್‌ಸಿಯರಿಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದಂತಿರುವುದಕ್ಕೆ ಅಲ್ಲಲ್ಲಿ ಬೆಲೆಯೂ ಇತ್ತೆಂಬುದನ್ನು ಮನೆ ಕಟ್ಟಿದವರು ಯಾರೂ ಅಲ್ಲಗಳೆಯಲಾರರು.

ಈಗ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ವಿಷಯಕ್ಕೆ ಬರುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಿಂದ ಬಾಡಿಗೆಯ ಮೇಲೆ ಸರ್ಕಾರದ ಹತೋಟಿ ಬಂದಿತು. 1951ರಲ್ಲಿ ಒಂದು ಕಾಯಿದೆ, ಅದರ ಜಾಗದಲ್ಲಿ 1961ರಲ್ಲಿ ಇನ್ನೊಂದು. 1961ರ ಕಾಯಿದೆಯ ಪ್ರಕಾರ ಮನೆ ತೆರವಾದ 15 ದಿನಗಳೊಳಗೆ ಮಾಲೀಕನು ಕಂಟ್ರೋಲರಿಗೆ ತಿಳಿಸಬೇಕು. ಆ ಅಧಿಕಾರಿ ತಾನೇ ಅದನ್ನು ಒಬ್ಬರಿಗೆ ಹಂಚಿಕೊಡಬಹುದು. ಬಾಡಿಗೆಯವನನ್ನು ಬಿಡಿಸಬೇಕಾದರೆ 21ನೆಯ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದಾದರೂ ಇರಬೇಕು. ತನ್ನ ಸ್ವಂತ ವಾಸಕ್ಕೆ ಬೇಕು ಎಂಬ ಕಾರಣವಾದರೆ, ಬಿಡಿಸಿದಾಗ ಯಾರಿಗೆ ಹೆಚ್ಚು ಕಷ್ಟ ಎಂಬುದನ್ನೂ ನ್ಯಾಯಾಲಯ ತೂಗಿ ನೋಡಬೇಕು. ಇದೇ ಕಾಯಿದೆ ‘ಕಟ್ಟಡ’ ಎಂಬುದಕ್ಕೆ ಕೊಟ್ಟ ಅರ್ಥ ಬಹಳ ಉದಾರವಾದದ್ದು. ಪ್ರತ್ಯೇಕವಾಗಿ ಬಾಡಿಗೆಗೆ ಕೊಟ್ಟ ಕಟ್ಟಡ, ಗುಡಿಸಲು, ಅವುಗಳ ಒಂದು ಭಾಗ. ಅದಕ್ಕೆ ಹೊಂದಿದ ತೋಟ, ಅಂಗಳ, ಔಟ್‌ಹೌಸು. ಹೌದು, ಆ ಹೆಸರು ಅಲ್ಲಿ ಸ್ಪಷ್ಟವಾಗಿಯೇ ಇದೆ.

ಹೀಗೆ ಒಂದೇ ಗೋಡೆಗೆ ಎರಡು ಕಾಯಿದೆಗಳು ಎರಡು ಕಡೆಯಿಂದ ಒರಗಿದವು. ಬೋರ್ಡಿನ ಕರಾರಿಗೆ ಹಿತ್ತಿಲಿನಲ್ಲಿ ಮನೆಯೇ ಇಲ್ಲ. ಬಾಡಿಗೆ ಕಾಯಿದೆಗೆ ಅಲ್ಲಿ ಮನೆಯೂ ಇದೆ, ಅದರಲ್ಲಿರುವವನಿಗೆ ಹಕ್ಕೂ ಇದೆ. ಯಜಮಾನರು ಏನು ಮಾಡಬೇಕು? ಬಾಡಿಗೆ ಇಷ್ಟೆಂದು ರಸೀದಿ ಬರೆದುಕೊಟ್ಟರೆ ಬಾಡಿಗೆಯವನ ಹಕ್ಕಿಗೆ ತಾವೇ ಸಾಕ್ಷಿ ಒದಗಿಸಿದಂತೆ. ಸೈಟಿನ ಷರತ್ತನ್ನು ಮುರಿದುದಕ್ಕೂ ಅದೇ ಸಾಕ್ಷಿ. ಆದುದರಿಂದ ರಸೀದಿ ಇಲ್ಲ, ಕರಾರು ಇಲ್ಲ, ಎಲ್ಲ ಬಾಯಿಮಾತು. ರಸೀದಿ ಇಲ್ಲದವನಿಗೆ ರೇಷನ್ ಕಾರ್ಡು ದೊರೆಯುವುದು ಕಷ್ಟ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಯಜಮಾನರ ಮರ್ಜಿ ಕಾಯಬೇಕು. ಕಾಗದ ಬಂದರೆ ‘ಕೇರ್ ಆಫ್’. ನಾನು ಎಂ.ಎ. ಓದುತ್ತಿದ್ದಾಗ ಹನುಮಂತನಗರದ ಕಡೆ ಇಂಥದೊಂದು ಮನೆಯಲ್ಲಿ ಎರಡು ವರ್ಷವಿದ್ದೆ. ಯಜಮಾನರು ಒಳ್ಳೆಯವರು, ಹಬ್ಬದ ದಿನ ಎಲೆ ಹಾಕಿಸುತ್ತಿದ್ದರು, ಜ್ವರ ಬಂದರೆ ಗಂಜಿ ಕಳಿಸುತ್ತಿದ್ದರು. ಆದರೆ ಕಂದಾಯದವರು ಬಂದ ದಿನ ನನ್ನ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ನಾನು ಒಳಗೆ ಸದ್ದಿಲ್ಲದೆ ಹಳಗನ್ನಡದ ವ್ಯಾಕರಣ ಓದುತ್ತಿದ್ದೆ. ಅದು ದೊಡ್ಡ ಕಷ್ಟವೇನಲ್ಲ. ಮಗುವನ್ನು ಶಾಲೆಗೆ ಸೇರಿಸಲು ವಿಳಾಸದ ದಾಖಲೆ ಕೇಳಿದಾಗ ತಬ್ಬಿಬ್ಬಾಗುವ ತಾಯಿಗೆ ಅದು ಕಷ್ಟ.

ಬಾಡಿಗೆ ಕಾಯಿದೆಯೊಂದೇ ದೋಷಿಯೆಂದು ಹೇಳುವ ಅರ್ಥಶಾಸ್ತ್ರಜ್ಞರುಂಟು. ಹತೋಟಿ ಬಂದುದರಿಂದ ಬಾಡಿಗೆಗೆ ಮನೆ ಕಟ್ಟುವವರು ಕಡಿಮೆಯಾದರು ಎಂಬ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಔಟ್‌ಹೌಸಿನ ವಿಷಯದಲ್ಲಿ ನನಗೆ ಅಷ್ಟು ಖಚಿತವಿಲ್ಲ. ಅದನ್ನು ಕಟ್ಟಿದವರು ಬಂಡವಾಳ ಹೂಡಿ ಲಾಭ ಎಣಿಸುವವರಾಗಿರಲಿಲ್ಲ. ಇದ್ದ ನೆಲದಲ್ಲಿ ಇದ್ದ ಹಣದಿಂದ ಇನ್ನೊಂದು ಸೂರು ಹಾಕಿದವರು. ಅವರಿಗೆ ತೊಡಕಾದದ್ದು ಬಾಡಿಗೆಯ ಮಿತಿಗಿಂತ ಹೆಚ್ಚಾಗಿ, ತಾವು ಮಾಡಿದ್ದನ್ನು ಬಾಯಿಬಿಟ್ಟು ಹೇಳಲಾಗದ ಸ್ಥಿತಿ.

1980ರ ದಶಕದಿಂದೀಚೆಗೆ ಎರಡನೆಯ ಮನೆ ಹಿತ್ತಿಲಿನಿಂದ ಮಾಳಿಗೆಗೆ ಹತ್ತಿತು. ಇದಕ್ಕೆ ಕಾರಣ ನಿಯಮಗಳಲ್ಲಿಯೇ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ 1984ರಲ್ಲಿ ಬೆಂಗಳೂರಿಗೆ ಸಮಗ್ರ ಅಭಿವೃದ್ಧಿ ಯೋಜನೆ ಬಂದಿತು. 1995ರಲ್ಲಿಯೂ 2007ರಲ್ಲಿಯೂ ಅದನ್ನು ಪರಿಷ್ಕರಿಸಿದರು. ವಲಯ ನಿಯಮಗಳ ಕಣ್ಣು ಎರಡು ಅಳತೆಗಳ ಮೇಲೆ: ನೆಲದ ಸುತ್ತ ಎಷ್ಟು ಬಿಟ್ಟಿರಿ, ಸೈಟಿನ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಅಂತಸ್ತುಗಳನ್ನು ಪೇರಿಸಿದಿರಿ. ಒಂದೇ ಕಟ್ಟಡದಲ್ಲಿ ಹಲವು ಮನೆಗಳಿರುವುದನ್ನು ಹೊಸ ನಿಯಮಗಳು ಒಪ್ಪಿದವು. ಒಪ್ಪದೆ ಉಳಿದದ್ದು ಹಿಂದೆ ಬಿಡಬೇಕಾದ ನೆಲವನ್ನು ಕಬಳಿಸಿ ನಿಂತ ಚಿಕ್ಕ ಮನೆ. 30-40 ಅಡಿಯ ಸೈಟೆಂದರೆ 1200 ಚದರಡಿ. ಅದರಲ್ಲಿ ಹಿತ್ತಿಲು ಎಂಬುದೇ ಒಂದು ನೆನಪು, ಔಟ್‌ಹೌಸಿಗೆ ಎಡೆಯೆಲ್ಲಿ? 40-60ರ ಸೈಟಿನವರು ಹಿಂದಿನ ಹೆಂಚಿನ ಮನೆಯನ್ನು ಕೆಡವಿ, ಮುಂದಿನದನ್ನೂ ಕೆಡವಿ, ನಾಲ್ಕು ಅಂತಸ್ತು ಎಬ್ಬಿಸಿದರು. ಔಟ್‌ಹೌಸಿನವನು ತಾರಸಿಯ ಮೇಲಿನ ಕಲ್ನಾರಿನ ಶೀಟಿನಡಿಗೆ, ‘ಸಿಂಗಲ್ ರೂಮಿಗೆ’ ಹೋದ. ನಕ್ಷೆಯಲ್ಲಿ ಆ ರೂಮಿನ ಹೆಸರು ನೀರಿನ ತೊಟ್ಟಿಯದೋ ಮೆಟ್ಟಿಲಿನ ಚಾವಣಿಯದೋ ಆಗಿರುತ್ತದೆ. ಹೆಸರು ಬದಲಾಯಿತು, ರೀತಿ ಬದಲಾಗಲಿಲ್ಲ.

ಇತ್ತ ಬಾಡಿಗೆ ಕಾಯಿದೆಯೂ ಬದಲಾಯಿತು. 1999ರಲ್ಲಿ ಅಂಗೀಕಾರವಾಗಿ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಹೊಸ ಕಾಯಿದೆ, ಬೆಂಗಳೂರಿನಂಥ ಊರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಮೊತ್ತಕ್ಕೆ ಈಗ ತಾರಸಿಯ ಕೋಣೆಯೂ ಸಿಗದು. ಹಿತ್ತಿಲಿನವನನ್ನು ಹೆಸರಿಟ್ಟು ಕರೆದಿದ್ದ ಒಂದೇ ಒಂದು ಕಾಯಿದೆಯೂ ಹೀಗೆ ಅವನ ಕೈಬಿಟ್ಟಿತು. ಉಳಿದದ್ದು 11 ತಿಂಗಳ ಕರಾರು. ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕಾಗುವುದರಿಂದ ಆ ಒಂದು ತಿಂಗಳ ಉಳಿತಾಯ!

ಅಳತೆ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆಯ ಮಾತು 2007ರಿಂದ ನಡೆದಿದೆ. ವಾಸದ ಕಟ್ಟಡಗಳಲ್ಲಿ ನೂರಕ್ಕೆ 50ರವರೆಗೆ, ಇತರ ಕಟ್ಟಡಗಳಲ್ಲಿ ನೂರಕ್ಕೆ 25ರವರೆಗೆ ಉಲ್ಲಂಘನೆಯನ್ನು ಮನ್ನಿಸುವುದು ಅದರ ತಿರುಳು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮರುತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ನಿಯಮ ಪಾಲಿಸಿದವನು ಮೂರ್ಖನಾಗಬೇಕೇ ಎಂದು ಯೋಜನೆಯ ವಿರೋಧಿಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೆ ಅಂಗಡಿ ಮಳಿಗೆಗಾಗಿ ಪಕ್ಕದ ಗಾಳಿಯನ್ನು ನುಂಗಿದವನೂ, ಹಿತ್ತಿಲಿನಲ್ಲಿ ಒಂದು ಸಂಸಾರಕ್ಕೆ ಸೂರು ಕೊಟ್ಟವನೂ ಆ ಲೆಕ್ಕದಲ್ಲಿ ಬರಿಯ ಶೇಕಡಾವಾರು ಅಂಕಿಗಳೇ. ನಡುವಣ ವ್ಯತ್ಯಾಸವನ್ನು ಕೇಳುವ ಕಲಮು ಅರ್ಜಿಯಲ್ಲಿಲ್ಲ.

ಹೊರಗಿನ ದೇಶಗಳಲ್ಲಿ ಏನಾಯಿತೆಂದು ಒಂದಿಷ್ಟು ನೋಡುವುದು ಅಪ್ರಸ್ತುತವಾಗಲಾರದು. ಏಕೆಂದರೆ ‘ಒಂದು ಸೈಟು, ಒಂದು ಮನೆ’ ಎಂಬ ನಿಯಮವನ್ನು ನಮಗಿಂತ ಬಿಗಿಯಾಗಿ ಹಿಡಿದವರು ಅಮೆರಿಕನರು. ನಗರಗಳು ಹೀಗೆ ವಲಯಗಳನ್ನು ಗುರುತಿಸಿ ಕಟ್ಟಡಗಳನ್ನು ನಿರ್ಬಂಧಿಸಬಹುದೆಂದು ಅವರ ಸುಪ್ರೀಂ ಕೋರ್ಟು 1926ರಲ್ಲಿ ತೀರ್ಪಿತ್ತ ಮೇಲೆ, ಊರೂರಿನಲ್ಲಿ ಒಂಟಿ ಮನೆಗಳ ವಲಯಗಳು ಎದ್ದವು. ಬಡವರನ್ನೂ ಕರಿಯರನ್ನೂ ದೂರವಿಡುವುದಕ್ಕೂ ಅದು ಸಾಧನವಾಯಿತು. ಆದರೂ ಜನ ಎಲ್ಲಿ ಹೋಗಬೇಕು? ಲಾಸ್ ಏಂಜಲೀಸ್ ಸೀಮೆಯಲ್ಲಿ ಸುಮಾರು 42 ಸಾವಿರ ಗ್ಯಾರೇಜುಗಳಲ್ಲಿ ಎರಡು ಲಕ್ಷದಷ್ಟು ಮಂದಿ ಕಾನೂನುಬಾಹಿರವಾಗಿ ಬಾಳುತ್ತಿದ್ದಾರೆಂದು ಅಲ್ಲಿನ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆ 1987ರಲ್ಲಿ ಅಂದಾಜು ಮಾಡಿತು. ಗ್ಯಾರೇಜಿನಲ್ಲಿ ತೊಟ್ಟಿಲು ಅಲ್ಲಿಯೂ ಇತ್ತೆಂದಾಯಿತು! ಕ್ಯಾಲಿಫೋರ್ನಿಯಾ ರಾಜ್ಯ 1982ರಲ್ಲಿಯೇ ಹಿತ್ತಿಲಿನ ಮನೆಗೆ ಬಾಗಿಲು ತೆರೆದರೂ, ನಗರಸಭೆಗಳು ಕಾರು ನಿಲ್ಲಿಸಲು ಜಾಗ, ಸೈಟಿನ ಅಳತೆ ಎಂದು ಷರತ್ತುಗಳ ಚಿಲಕ ಹಾಕಿದವು. ಕೊನೆಗೆ 2016ರಲ್ಲಿಯೂ 2019ರಲ್ಲಿಯೂ ರಾಜ್ಯವೇ ಕಾಯಿದೆ ಮಾಡಿ ಚಿಲಕಗಳನ್ನು ತೆಗೆಸಿತು. 2020ರ ಆರಂಭದಿಂದ ಅರ್ಜಿ ಸರಿಯಿದ್ದರೆ 60 ದಿನಗಳೊಳಗೆ ಪರವಾನಗಿ ಕೊಡಲೇಬೇಕು. ನೆರೆಯವರ ಅಹವಾಲು ಸಭೆ ಇಲ್ಲ. ಕೆನಡಾದ ವ್ಯಾಂಕೂವರಿನಲ್ಲಿ 2009ರಿಂದ ಹಿಂದಿನ ಗಲ್ಲಿಗೆ ಮುಖ ಮಾಡಿದ ಚಿಕ್ಕ ಮನೆಗಳನ್ನು ಕಟ್ಟಗೊಡುತ್ತಿದ್ದಾರೆ. ನಮ್ಮ ಕನ್ಸರ್ವೆನ್ಸಿ ಗಲ್ಲಿಯ ನೆನಪಾಗದೆ ಇರದು. ಆಡುಮಾತಿನಲ್ಲಿ ಇಂಥ ಮನೆಗೆ ಅವರಿಟ್ಟ ಹೆಸರು ‘ಅಜ್ಜಿಯ ಮನೆ’. ಆರು ತಿಂಗಳ ಮಟ್ಟಿಗೆ ಮೊಮ್ಮಕ್ಕಳನ್ನು ನೋಡಲು ಸ್ಯಾನ್ ಹೋಸೆಗೋ ಫ್ರೀಮಾಂಟಿಗೋ ಹೋಗುವ ನಮ್ಮ ಬಸವನಗುಡಿಯ ಅಜ್ಜಿಯಂದಿರಲ್ಲಿ ಕೆಲವರಿಗಾದರೂ ಈಗ ಅಂಥ ಮನೆಯ ಪರಿಚಯವಿರಬೇಕು.

ಅವರನ್ನು ಹಾಗೆಯೇ ಅನುಕರಿಸಬೇಕೆಂದು ನಾನು ಹೇಳಲಾರೆ. ಅವರ ಸೈಟಿನಲ್ಲಿ ನಮ್ಮ ನಾಲ್ಕು ಸೈಟು ಹಿಡಿಯುತ್ತವೆ. ನಮ್ಮಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದವರ ಬಂಡಿ ತಿರುಗದ ಬೀದಿಗಳುಂಟು. ಆದರೆ ಅವರು ಮಾಡಿದ ಒಂದು ಕೆಲಸ ನೆಲದ ಅಳತೆಗೆ ಸಂಬಂಧಿಸಿದ್ದಲ್ಲ. ಎರಡನೆಯ ಮನೆಗೆ ಕಾಯಿದೆಯಲ್ಲಿ ಒಂದು ಹೆಸರು ಕೊಟ್ಟರು. ಹೆಸರು ಬಂದೊಡನೆ ಅದಕ್ಕೆ ಕಿಟಕಿ ಎಷ್ಟು ಅಗಲ, ಗೋಡೆ ಎಷ್ಟು ದಪ್ಪ, ಹೊರದಾರಿ ಎಲ್ಲಿ ಎಂದು ಕೇಳುವುದು ಸಾಧ್ಯವಾಯಿತು. ಗ್ಯಾರೇಜೆಂದು ಬರೆದ ಕೋಣೆಗೆ ಕಿಟಕಿ ಏಕಿಲ್ಲವೆಂದು ಯಾವ ಅಧಿಕಾರಿಯೂ ಕೇಳಲಾರ. ಗಾಳಿಬೆಳಕಿಗಾಗಿ ಹುಟ್ಟಿದ ನಿಯಮ ಹಿತ್ತಿಲಿನವನಿಗೆ ಗಾಳಿಯನ್ನೂ ಬೆಳಕನ್ನೂ ಕೊಡಲಾರದೆ ಹೋದದ್ದು ಹೀಗೆ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಒಂದು ಮೊಕದ್ದಮೆಯಲ್ಲಿ, ಕಟ್ಟಡ ನಕ್ಷೆಯಂತೆ ಮುಗಿದಿದೆಯೆಂಬ ಪ್ರಮಾಣಪತ್ರವಿಲ್ಲದೆ ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕ ಕೊಡಕೂಡದೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಆದೇಶಿಸಿತು. ಬೆಂಗಳೂರಿನಲ್ಲಿ ಹೊಸ ಮನೆಗಳ ಸಾವಿರಾರು ಅರ್ಜಿಗಳು ನಿಂತವು. 2025ರಲ್ಲಿ ರಾಜ್ಯ ಸರ್ಕಾರ 1200 ಚದರಡಿಯವರೆಗಿನ ಸೈಟುಗಳ ಮನೆಗಳಿಗೆ, ಅಂತಸ್ತುಗಳ ಮಿತಿಯೊಡನೆ, ಆ ಪತ್ರದಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. ವಿನಾಯಿತಿ ಸೈಟಿನ ಅಳತೆಗೆ. ಯಜಮಾನರ ಮನೆಗೆ ಒಂದು ಮೀಟರು ಬಂದರೆ, ಅದರಿಂದ ಒಂದು ತಂತಿ ಎಳೆದು ಹಿಂದಿನ ಕೋಣೆಗೆ ಸಬ್ ಮೀಟರು ಹಾಕಿಕೊಡುವುದು ಮೊದಲಿನಂತೆ ಅವರಿಗೆ ಬಿಟ್ಟದ್ದು.